ವಾರ್ಡ್ ಸದಸ್ಯರಿಗೆ ರಸ್ತೆ ಸುರಕ್ಷತೆಯ ಕೆಲಸ: ಮೊದಲ ದೂರಿನಿಂದ ಗುತ್ತಿಗೆದಾರನ ದೋಷ ಹೊಣೆ ಅವಧಿ (ಡಿಎಲ್‌ಪಿ) ಮುಗಿಯುವವರೆಗೆ

ಊರಲ್ಲಿ ಅಪಘಾತ ಆದ ಮಾರನೇ ದಿನ ವಾರ್ಡ್ ಸದಸ್ಯರ ಮನೆಗೆ ಬರುವ ಬೇಡಿಕೆ ಒಂದೇ. "ಅಣ್ಣಾ, ಅಲ್ಲೊಂದು ಹಂಪ್ ಹಾಕಿಸಿಬಿಡಿ." ಸದಸ್ಯರು ಜೆಇಗೆ (ಕಿರಿಯ ಎಂಜಿನಿಯರ್) ಫೋನ್ ಮಾಡುತ್ತಾರೆ, ಎರಡು ದಿನದಲ್ಲಿ ಡಾಂಬರಿನ ಒಂದು ಗುಡ್ಡೆ ಬೀಳುತ್ತದೆ, ಬಣ್ಣ ಇಲ್ಲ, ಬೋರ್ಡ್ ಇಲ್ಲ, ಮುಂದಿನ ವಾರ ರಾತ್ರಿ ಬೈಕಿನವನೊಬ್ಬ ಅದೇ ಗುಡ್ಡೆ ಹಾರಿ ಬೀಳುತ್ತಾನೆ. ಎಲ್ಲರೂ ಕೆಲಸ ಮಾಡಿದ್ದಾರೆ, ರಸ್ತೆ ಮಾತ್ರ ಮೊದಲಿಗಿಂತ ಕೆಟ್ಟಿದೆ.

ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗೆ ಹೊಸದಾಗಿ ಆಯ್ಕೆಯಾದವರನ್ನು ಮನಸ್ಸಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಪಾಲಿಕೆ ಸದಸ್ಯರಿಗೂ ಹೆಚ್ಚುಕಡಿಮೆ ಇದೇ ದಾರಿ, ಕಾಯ್ದೆ ಮಾತ್ರ ಬೇರೆ: ಸಣ್ಣ ಊರುಗಳಿಗೆ 1964ರ ಪೌರಸಭೆಗಳ ಕಾಯ್ದೆ, ಪಾಲಿಕೆಗಳಿಗೆ 1976ರದ್ದು. (ಬೆಂಗಳೂರಿನ ಮಾತು ಬೇಡ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಅಲ್ಲಿ ವರ್ಷಗಟ್ಟಲೆ ಕಾರ್ಪೊರೇಟರೇ ಇರಲಿಲ್ಲ.)

ಸದಸ್ಯರ ನಿಜವಾದ ಶಕ್ತಿ ಇರುವುದು ಟೆಂಡರ್ ಕರೆಯುವ ಮೊದಲು. ಎಸ್ಟಿಮೇಟ್‌ನಲ್ಲಿ (ಅಂದಾಜು ಪಟ್ಟಿಯಲ್ಲಿ) ಇಲ್ಲದ್ದು ರಸ್ತೆಗೆ ಬರುವುದಿಲ್ಲ. ಜೆಸಿಬಿ ಬಂದು ನಿಂತ ಮೇಲೆ ಅಲ್ಲಿ ಹೋಗಿ ಕೂಗಾಡಿದರೆ ಫೋಟೊ ಚೆನ್ನಾಗಿ ಬರುತ್ತದೆ, ಅಷ್ಟೇ.

ಹೆಜ್ಜೆ 1: ಆ ರಸ್ತೆ ಯಾರದು?

ನಿಮ್ಮ ವಾರ್ಡಿನಲ್ಲಿ ಇದೆ ಅಂದಮಾತ್ರಕ್ಕೆ ರಸ್ತೆ ನಿಮ್ಮದಾಗುವುದಿಲ್ಲ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯವು. ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರದ್ದು, ಇಲ್ಲವೇ ಲೋಕೋಪಯೋಗಿಯಲ್ಲೇ ಇರುವ ರಾಷ್ಟ್ರೀಯ ಹೆದ್ದಾರಿ ವಿಭಾಗದ್ದು. ಒಳರಸ್ತೆಗಳು ಪುರಸಭೆಯವು. ಊರ ಗಡಿ ದಾಟಿದ ಹಳ್ಳಿ ರಸ್ತೆಗಳು ಸಾಮಾನ್ಯವಾಗಿ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದವು.

ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಆದರೆ ಕಲ್ಲನ್ನೇ ನಂಬಬೇಡಿ. ಬೈಪಾಸ್ ಆದ ಮೇಲೂ ಊರೊಳಗೆ ಹಳೇ ಹಳದಿ ಕಲ್ಲು ಹಾಗೇ ಉಳಿದಿರುತ್ತದೆ. ತುಮಕೂರು, ತಿಪಟೂರು, ಅರಸೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ ಎಲ್ಲ ಕಡೆಯೂ ಒಂದು ಬಿ.ಎಚ್. ರಸ್ತೆ ಇದೆಯಲ್ಲ, ಬೆಂಗಳೂರು–ಹೊನ್ನಾವರ ರಸ್ತೆ? ಒಂದು ಕಾಲದ ಹೆದ್ದಾರಿ ಈಗ ಊರಿನ ಪೇಟೆ ಬೀದಿ. ಇಂಥ ಕಡೆ ಡಾಂಬರು ಒಬ್ಬರದು, ಬೀದಿದೀಪ ಪುರಸಭೆಯದು, ಚರಂಡಿ ಕೇಳಿದರೆ ಯಾರದೂ ಅಲ್ಲ. ಆದ್ದರಿಂದ ಪೌರಾಯುಕ್ತರ ಮೂಲಕ (ಪುರಸಭೆ, ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿ ಮೂಲಕ) ಲೋಕೋಪಯೋಗಿ ಎಇಇಗೆ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಒಂದು ಪತ್ರ ಹಾಕಿಸಿ. ಇಂಥಲ್ಲಿಂದ ಇಂಥಲ್ಲಿವರೆಗೆ ರಸ್ತೆ, ಫುಟ್‌ಪಾತ್, ಚರಂಡಿ, ದೀಪ, ಡಿವೈಡರ್ ಯಾರ ಸುಪರ್ದಿಯಲ್ಲಿದೆ ಎಂದು ಬರಹದಲ್ಲಿ ಉತ್ತರ ತರಿಸಿ. ಬಾಯಿಮಾತಿನ ಉತ್ತರಕ್ಕೆ ಬೆಲೆ ಇಲ್ಲ.

ನಿಮ್ಮೂರಿಗೆ ಬೈಪಾಸ್ ಬರುತ್ತಿದ್ದರೆ ಇನ್ನೊಂದು ವಿಷಯ. ಹಳೇ ಹೆದ್ದಾರಿ ತುಂಡನ್ನು ರಾಜ್ಯಕ್ಕೆ ಹಸ್ತಾಂತರ ಮಾಡುವ ಮೊದಲು ಕೇಂದ್ರದ ಹಣದಲ್ಲಿ ಒಂದು ಸಲ ಸುಧಾರಣೆ ಮಾಡಿಕೊಡುವ ಪದ್ಧತಿ ಇದೆ. ಆ ಪಟ್ಟಿಯಲ್ಲಿ ಫುಟ್‌ಪಾತ್, ದಾಟುವ ಜಾಗ, ಜಂಕ್ಷನ್ ಸುಧಾರಣೆ ಸೇರಿಸಲು ಠರಾವು ಮಾಡಿ ಕಳಿಸಿ. ಹಸ್ತಾಂತರ ಮುಗಿದ ಮೇಲೆ ಆ ಖರ್ಚೆಲ್ಲ ನಿಮ್ಮ ತಲೆ ಮೇಲೆ.

ಹೆಜ್ಜೆ 2: ಅಪಘಾತದ ಲೆಕ್ಕ ತರಿಸಿ, ನಕ್ಷೆ ಮೇಲೆ ಗುರುತು ಹಾಕಿ

ಯಾವ ಜಾಗ ಅಪಾಯದ್ದು ಎಂದು ನಿಮಗೆ ಗೊತ್ತು ಎಂದುಕೊಂಡಿರುತ್ತೀರಿ. ಹೆಚ್ಚು ಗಲಾಟೆ ಆದ ಜಾಗ ನೆನಪಲ್ಲಿರುತ್ತದೆ, ಹೆಚ್ಚು ಜನ ಬಿದ್ದ ಜಾಗ ಅದೇ ಆಗಿರಬೇಕಿಲ್ಲ. ಪೊಲೀಸ್ ಠಾಣೆಯಿಂದ ಹಿಂದಿನ 3 ವರ್ಷದ ಅಪಘಾತಗಳ ಪಟ್ಟಿ ಕೇಳಿ: ತಾರೀಖು, ಸಮಯ, ಜಾಗ, ಯಾವ ವಾಹನ, ಸತ್ತವರು, ಗಾಯಗೊಂಡವರು. ಹೆಸರುಗಳು ಬೇಕಿಲ್ಲ. ನೀವೇ ಕೇಳುವುದಕ್ಕಿಂತ ಪುರಸಭೆ ಲೆಟರ್‌ಹೆಡ್‌ನಲ್ಲಿ ಕೇಳಿಸಿದರೆ ಬೇಗ ಸಿಗುತ್ತದೆ. ಈಗ ಪೊಲೀಸರು ಸ್ಥಳದಿಂದಲೇ ಇ-ಡಾರ್ ಎಂಬ ಆ್ಯಪ್‌ಗೆ ವಿವರ ಹಾಕುತ್ತಾರೆ, ಜಾಗದ ಗುರುತೂ ಅದರಲ್ಲಿ ಇರುತ್ತದೆ. ಹಾಗಾಗಿ "ಬಸ್ ನಿಲ್ದಾಣದ ಹತ್ತಿರ" ಎಂಬ ಉತ್ತರಕ್ಕೆ ಒಪ್ಪಬೇಡಿ. ಯಾವ ಕಡೆ, ಎಷ್ಟು ದೂರ?

ಠಾಣೆಗೆ ಹೋಗದ ಅಪಘಾತಗಳೇ ಜಾಸ್ತಿ. ಅದಕ್ಕೆ ಪಂಕ್ಚರ್ ಅಂಗಡಿಯವರು, 108ರ ಸಿಬ್ಬಂದಿ, ಹತ್ತಿರದ ಕ್ಲಿನಿಕ್‌ನವರನ್ನು ಮಾತಾಡಿಸಿ. ಪಂಕ್ಚರ್ ಅಂಗಡಿ ಮುಂದೆ ಕೂತವನಿಗೆ ಯಾವ ತಿರುವಿನಲ್ಲಿ ವಾರಕ್ಕೆ ಎಷ್ಟು ಬೈಕ್ ಜಾರುತ್ತವೆ ಎಂದು ಯಾವ ಇಲಾಖೆಗಿಂತ ಚೆನ್ನಾಗಿ ಗೊತ್ತಿರುತ್ತದೆ.

"ಬ್ಲ್ಯಾಕ್ ಸ್ಪಾಟ್" ಪದವನ್ನು ಸುಮ್ನೆ ಬಳಸಬೇಡಿ, ಅದಕ್ಕೆ ಲೆಕ್ಕ ಇದೆ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ 3 ವರ್ಷಕ್ಕೆ ಸಾವು ಅಥವಾ ಗಂಭೀರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆಗಿದ್ದರೆ ಅದು ಬ್ಲ್ಯಾಕ್ ಸ್ಪಾಟ್. ನಿಮ್ಮ ಜಾಗ ಈ ಲೆಕ್ಕಕ್ಕೆ ಬಂದರೆ ಹಣ ಕೇಳುವುದು ಸುಲಭ. ಬರದಿದ್ದರೆ, ನಾಲ್ಕು ಅಪಘಾತ ಆಗಿದೆ, ಐದನೆಯದಕ್ಕೆ ಕಾಯಬೇಕಾ ಎಂದು ಸಭೆಯಲ್ಲೇ ಕೇಳಿ. ಸುರಕ್ಷತಾ ಆಡಿಟ್ (ರಸ್ತೆಯ ಅಪಾಯಗಳ ತಜ್ಞ ಪರಿಶೀಲನೆ) ಮಾಡಿಸಲು ಸಾವಿನ ಸಂಖ್ಯೆ ಅಡ್ಡ ಬರುವುದಿಲ್ಲ.

ಹೆಜ್ಜೆ 3: ಎರಡು ಸಲ ನಡೆದು ನೋಡಿ

ಒಂದು ಸಲ ಶಾಲೆ ಬಿಡುವ ಹೊತ್ತಿಗೆ, ಇನ್ನೊಂದು ಸಲ ರಾತ್ರಿ. ಕಾರಿನಲ್ಲಲ್ಲ, ನಡೆದು. ಜೆಇ ಬಂದರೆ ಒಳ್ಳೆಯದು, ಟ್ರಾಫಿಕ್ ಎಎಸ್‌ಐ ಬಂದರೆ ಇನ್ನೂ ಒಳ್ಳೆಯದು.

ಹಗಲು ಮಕ್ಕಳು ಎಲ್ಲಿ ದಾಟುತ್ತಾರೆ ನೋಡಿ. ಜೀಬ್ರಾ ಪಟ್ಟೆ ಇರುವ ಕಡೆ ಅಲ್ಲ, ಗೇಟಿನಿಂದ ಬೇಕರಿಗೆ ನೇರ ದಾರಿ ಇರುವ ಕಡೆ. ಪಟ್ಟೆ ಅಲ್ಲಿಗೆ ಬರಬೇಕು, ಮಕ್ಕಳು ಪಟ್ಟೆಗೆ ಹೋಗುವುದಿಲ್ಲ. ಬಸ್ ಎಲ್ಲಿ ನಿಲ್ಲುತ್ತದೆ, ಆಟೊ ಎಲ್ಲಿ ನಿಲ್ಲುತ್ತದೆ, ನಿಂತ ಬಸ್ಸಿನ ಮುಂದಿನಿಂದ ಇಳಿದು ದಾಟುವವರು ಎಷ್ಟು ಜನ, ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್ ಇದೆಯಾ, ಇದ್ದರೆ ಜನ ಎಷ್ಟು ಅಡಿ ರಸ್ತೆಗೆ ಇಳಿಯುತ್ತಾರೆ, ಎಲ್ಲ ಬರೆದುಕೊಳ್ಳಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಪ್ರಕಾರ ಫುಟ್‌ಪಾತ್‌ನಲ್ಲಿ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಎತ್ತರ 15 ಸೆಂಟಿಮೀಟರ್ ಮೀರಬಾರದು. ನಮ್ಮಲ್ಲಿ ಚರಂಡಿ ಮೇಲಿನ ಚಪ್ಪಡಿಯೇ ಫುಟ್‌ಪಾತ್, ಮಂಡಿ ಎತ್ತರ. ಅಜ್ಜಿಯರು ಹತ್ತುವುದೇ ಇಲ್ಲ, ರಸ್ತೆಯಲ್ಲೇ ನಡೆಯುತ್ತಾರೆ.

ರಾತ್ರಿ ಬೈಕಿನ ಡಿಮ್ ಲೈಟ್ ಹಾಕಿಕೊಂಡು ನಿಧಾನಕ್ಕೆ ಬನ್ನಿ. ಬೋರ್ಡ್ ಹೊಳೆಯುತ್ತದಾ? ಡಿವೈಡರ್ ಶುರುವಾಗುವ ಮೂತಿ ಕಾಣುತ್ತದಾ? ಊರೊಳಗೆ ರಾತ್ರಿ ಲಾರಿಗಳು ಗುದ್ದುವುದು ಹೆಚ್ಚಾಗಿ ಈ ಮೂತಿಗೇ. ಅಲ್ಲಿ ಹೊಳೆಯುವ ಫಲಕ ಇಲ್ಲ, ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಇರುತ್ತದೆ. ಅದು ನಿಮ್ಮದೇ ಫ್ಲೆಕ್ಸ್ ಆಗಿದ್ದರೆ ಮೊದಲು ಅದನ್ನು ತೆಗೆಸಿ.

ಹೆಜ್ಜೆ 4: ಹಂಪ್ ಬೇಕಾ?

ಬೇಕಾಗಬಹುದು. ಆದರೆ ಅಳತೆ ಇದೆ. ಐಆರ್‌ಸಿ ಹೇಳುವ ಸಾಮಾನ್ಯ ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಂಡಿನ ಹಾಗೆ ನಿಧಾನಕ್ಕೆ ಏರಿ ಇಳಿಯಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟುವಂತಿರಬೇಕು. ನಮ್ಮ ಊರುಗಳ ಹಂಪ್ ಎರಡಡಿ ಅಗಲ, ಮುಕ್ಕಾಲು ಅಡಿ ಎತ್ತರ. ಅದು ಹಂಪ್ ಅಲ್ಲ, ಕಟ್ಟೆ.

ಪರೀಕ್ಷೆ ಮಾಡುವುದು ಸುಲಭ. ಒಂದು ದಾರ, ಒಂದು ಟೇಪು ಸಾಕು. ಹಂಪಿನ ಈ ತುದಿಯಿಂದ ಆ ತುದಿಗೆ ಟೇಪು ಹಿಡಿದರೆ ಅಗಲ ಸಿಕ್ಕಿತು. ಎತ್ತರಕ್ಕೆ, ಹಂಪಿನ ನೆತ್ತಿಯ ಮೇಲೆ ದಾರ ಇಟ್ಟು ಒಬ್ಬರು ರಸ್ತೆ ಕಡೆಗೆ ಮಟ್ಟವಾಗಿ ಎಳೆದು ಹಿಡಿಯಲಿ, ಹಂಪ್ ಮುಗಿಯುವ ಜಾಗದಲ್ಲಿ ದಾರದಿಂದ ನೆಲಕ್ಕೆ ಎಷ್ಟಿದೆ ಅಳೆಯಿರಿ. ಎಂಜಿನಿಯರ್ ಎದುರಿಗೇ ಅಳೆದರೆ ಒಳ್ಳೆಯದು, ಮಾತು ಕಡಿಮೆ ಆಗುತ್ತದೆ. ಜೊತೆಗೆ ಸುಮಾರು 40 ಮೀಟರ್ ಮೊದಲೇ ಎಚ್ಚರಿಕೆ ಬೋರ್ಡ್, ಹಂಪ್ ಮೇಲೆ ಪಟ್ಟೆ, ಹತ್ತಿರ ಉರಿಯುವ ಬೀದಿದೀಪ ಇರಬೇಕು.

ರಬ್ಬರ್ ಹಂಪ್ ಬಗ್ಗೆ ನನ್ನ ಅಭಿಪ್ರಾಯ ಖಾರವಾಗಿದೆ. ಬೇಗ ಹಾಕಬಹುದು, ಬೇಗ ಕಿತ್ತೂ ಹೋಗುತ್ತದೆ. ಕಿತ್ತ ಮೇಲೆ ಬೋಲ್ಟ್‌ಗಳು ರಸ್ತೆಯಿಂದ ಬೆರಳುದ್ದ ಮೇಲೆದ್ದು ನಿಂತಿರುತ್ತವೆ. ಬೈಕಿನವರಿಗೆ ಹಂಪಿಗಿಂತ ಅವೇ ಅಪಾಯ. ಹಾಕಿಸಿದರೆ ನಿರ್ವಹಣೆ ಯಾರದು ಎಂದು ಬರೆಸಿಕೊಳ್ಳಿ.

ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪ್ ಕೇಳಬೇಡಿ. ಅಲ್ಲಿ ಹಂಪ್ ಇರಬಾರದು ಎಂದು ಕೇಂದ್ರ ಸಚಿವಾಲಯವೇ ಹೇಳಿದೆ, ಜನರ ಒತ್ತಡಕ್ಕೆ ಹಾಕಿದರೂ ಮತ್ತೆ ತೆಗೆಯುತ್ತಾರೆ. ಅಲ್ಲಿ ಕೇಳಬೇಕಾದ್ದು ಜಂಕ್ಷನ್ ಸುಧಾರಣೆ, ದೀಪ, ಸರ್ವಿಸ್ ರಸ್ತೆ, ಪಾದಚಾರಿ ಕೆಳಸೇತುವೆ, ಡಿವೈಡರ್‌ನ ಅಡ್ಡಾದಿಡ್ಡಿ ಓಪನಿಂಗ್ ಮುಚ್ಚುವುದು. ಗುಂಡಿ, ಕೆಟ್ಟ ದೀಪದಂಥ ದೂರಿಗೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಬಹುದು. ಊರೊಳಗಿನ ರಸ್ತೆಗೆ, ಶಾಲೆ ಮುಂದೆ ಟೇಬಲ್ ಟಾಪ್ ಕ್ರಾಸಿಂಗ್ ಎಷ್ಟೋ ವಾಸಿ. ದಾಟುವ ಜಾಗವೇ ಫುಟ್‌ಪಾತ್ ಎತ್ತರಕ್ಕೆ ಬರುತ್ತದೆ, ಗಾಡಿ ತಾನಾಗೇ ನಿಧಾನ ಆಗುತ್ತದೆ.

ವೇಗದ ಮಿತಿಯನ್ನು ಮರೆಯಬೇಡಿ. 2018ರ ಕೇಂದ್ರ ಅಧಿಸೂಚನೆ ಪ್ರಕಾರ ಪುರಸಭೆ ವ್ಯಾಪ್ತಿಯಲ್ಲಿ ಕಾರಿಗೆ ಗರಿಷ್ಠ ಗಂಟೆಗೆ 70 ಕಿ.ಮೀ., ಬೈಕಿಗೆ 60. ಪೇಟೆ ಬೀದಿಯಲ್ಲಿ 70! ಇದು ಗರಿಷ್ಠ ಅಷ್ಟೇ, ಶಾಲೆ, ಆಸ್ಪತ್ರೆ, ಸಂತೆ ಇರುವ ಕಡೆ ಕಡಿಮೆ ಮಾಡಲು ಅವಕಾಶ ಇದೆ. ಏಕಮುಖ ಸಂಚಾರ, ಲಾರಿಗಳಿಗೆ ಹೊತ್ತು ನಿಗದಿ, ಪಾರ್ಕಿಂಗ್ ನಿಷೇಧ ಎಲ್ಲ ಜಿಲ್ಲಾಧಿಕಾರಿಗಳ ಅಧಿಸೂಚನೆಯಿಂದ ಆಗುತ್ತವೆ. ಅಧಿಸೂಚನೆ ಇಲ್ಲದೆ ಬರೀ ಬೋರ್ಡ್ ನೆಟ್ಟರೆ ಪೊಲೀಸರು ದಂಡ ಹಾಕಿದ ಕೇಸು ನಿಲ್ಲುವುದು ಕಷ್ಟ.

ಹೆಜ್ಜೆ 5: ಸಭೆಯಲ್ಲಿ ದಾಖಲಾಗುವ ಹಾಗೆ ಮಾಡಿ

ಸಾಮಾನ್ಯ ಸಭೆಯ ಕೊನೆಯಲ್ಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು" ಎಂದು ಒಂದು ಬರುತ್ತದೆ. ಅಷ್ಟು ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ, ಊಟದ ವಾಸನೆ ಬರುತ್ತಿರುತ್ತದೆ. ರಸ್ತೆ ಸುರಕ್ಷತೆಯನ್ನು ಅಲ್ಲಿ ಎತ್ತಬೇಡಿ. ಮುಂಚೆಯೇ ಬರಹದಲ್ಲಿ ಕೊಟ್ಟು ಕಾರ್ಯಸೂಚಿಯಲ್ಲಿ ಹಾಕಿಸಿ. "ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು" ಎಂಬ ಠರಾವು ಆದರೆ ಏನೂ ಆಗಲಿಲ್ಲ ಎಂದೇ ಅರ್ಥ. ಹೀಗಿರಲಿ:

"ವಾರ್ಡ್ ಸಂಖ್ಯೆ … ರ ಸರ್ಕಾರಿ ಶಾಲೆ ಮುಂದಿನ ರಸ್ತೆಯಲ್ಲಿ … ಮೀಟರ್ ಉದ್ದಕ್ಕೆ ಎರಡೂ ಬದಿ 1.8 ಮೀಟರ್ ಫುಟ್‌ಪಾತ್, ಗೇಟಿನ ಎದುರು ಟೇಬಲ್ ಟಾಪ್ ಕ್ರಾಸಿಂಗ್, ಎಚ್ಚರಿಕೆ ಫಲಕ ಹಾಗೂ ದೀಪಗಳಿಗೆ ಅಂದಾಜು ಪಟ್ಟಿ ತಯಾರಿಸಿ ಮುಂದಿನ ಸಭೆಗೆ ಮಂಡಿಸಲು ಸಹಾಯಕ ಎಂಜಿನಿಯರ್ ಅವರಿಗೆ ಸೂಚಿಸಲು, ವೇಗಮಿತಿ ಇಳಿಸುವ ಅಧಿಸೂಚನೆಗಾಗಿ ಜಿಲ್ಲಾಧಿಕಾರಿಗಳಿಗೆ ಪ್ರಸ್ತಾವ ಕಳಿಸಲು ತೀರ್ಮಾನಿಸಲಾಯಿತು."

ಯಾರು, ಏನು, ಯಾವಾಗ ಎಂಬುದು ಇರಬೇಕು. ನಡವಳಿ ಪುಸ್ತಕದಲ್ಲಿ ಹೀಗೇ ಬರೆದಿದ್ದಾರಾ ಎಂದು ಮುಂದಿನ ವಾರವೇ ಹೋಗಿ ನೋಡಿ, ಪ್ರತಿ ತೆಗೆದುಕೊಳ್ಳಿ.

ಹೆದ್ದಾರಿ ನಿಮ್ಮದಲ್ಲದಿದ್ದರೆ ಹೋಗಬೇಕಾದ ಜಾಗ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ಜಿಲ್ಲಾಧಿಕಾರಿ ಅಧ್ಯಕ್ಷರು, ಎಸ್‌ಪಿ, ಆರ್‌ಟಿಒ, ಲೋಕೋಪಯೋಗಿ, ಹೆದ್ದಾರಿಯವರು ಎಲ್ಲ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಮೋಟಾರು ವಾಹನ ಕಾಯ್ದೆಯ 215ನೇ ಸೆಕ್ಷನ್‌ನಲ್ಲೇ ಇದಕ್ಕೆ ಜಾಗ ಇದೆ, 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಪ್ರತಿ ಜಿಲ್ಲೆಯಲ್ಲಿ ಈ ಸಮಿತಿ ಇರಬೇಕು ಎಂದಿತು. ನಿಮಗೆ ಆಹ್ವಾನ ಬರದೇ ಇರಬಹುದು. ಸಭೆಗೆ ಒಂದು ವಾರ ಮೊದಲೇ ಪೌರಾಯುಕ್ತರ ಮೂಲಕ ಒಂದು ಪುಟದ ಟಿಪ್ಪಣಿ, ನಕ್ಷೆ, ನಾಲ್ಕು ಫೋಟೊ ಕೊಡಿ. ಒಂದೇ ಪುಟ. ಆಮೇಲೆ ನಡವಳಿ ಕೇಳಿ, ಮುಂದಿನ ಸಭೆಯ ಅನುಪಾಲನಾ ವರದಿ ಕೇಳಿ. ಕೊಡದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಹಾಕಿ. ಸದಸ್ಯರು ಆರ್‌ಟಿಐ ಹಾಕಬಾರದು ಎಂದು ಎಲ್ಲೂ ಇಲ್ಲ.

ಎಲ್ಲರೂ ಒಟ್ಟಿಗೆ ಕೂತರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ವಿಶ್ವ ಬ್ಯಾಂಕ್ ನೆರವಿನ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆಯಲ್ಲಿ ಬೆಳಗಾವಿ–ಯರಗಟ್ಟಿ ನಡುವಿನ 62 ಕಿ.ಮೀ. ರಸ್ತೆಯನ್ನು ಸುರಕ್ಷಿತ ಕಾರಿಡಾರ್ ಮಾದರಿಯಾಗಿ ತೆಗೆದುಕೊಂಡರು. ಜಂಕ್ಷನ್, ಬೋರ್ಡ್ ಸರಿ ಮಾಡುವುದರ ಜೊತೆಗೆ ಪೊಲೀಸ್ ಗಸ್ತು, ಗಾಯಾಳುಗಳಿಗೆ ತುರ್ತು ಚಿಕಿತ್ಸೆ ಎಲ್ಲವೂ ಸೇರಿ ಒಂದೇ ಯೋಜನೆ. ಅಲ್ಲಿ ಸಾವುಗಳು ಅರ್ಧಕ್ಕಿಂತ ಹೆಚ್ಚು ಇಳಿದವು ಎಂದು ವಿಶ್ವ ಬ್ಯಾಂಕ್ ಹೇಳಿದೆ.

ಬರೀ ರಸ್ತೆ ಚೆನ್ನಾಗಿ ಮಾಡಿದರೆ ಇದು ಆಗುವುದಿಲ್ಲ. ರಸ್ತೆ ನುಣುಪಾದ ಕೂಡಲೇ ವೇಗ ಏರುತ್ತದೆ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಿನ ಅಪಘಾತದ ಸಾಧ್ಯತೆ ಶೇ 4ರಷ್ಟು ಏರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು, ಅದೇ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಹೊರಗಿಡಬೇಕಾಯಿತು.

ಹೆಜ್ಜೆ 6: ಎಸ್ಟಿಮೇಟ್ ಓದಿ

ಇದನ್ನು ಬಹಳ ಸದಸ್ಯರು ಮಾಡುವುದೇ ಇಲ್ಲ. ಎಂಜಿನಿಯರ್ ಕೆಲಸ, ನಮಗೆ ಅರ್ಥ ಆಗಲ್ಲ ಎಂದು ಬಿಡುತ್ತಾರೆ. ಅಷ್ಟು ಕಷ್ಟ ಇಲ್ಲ. ಕ್ರಿಯಾ ಯೋಜನೆಯಲ್ಲಿ ಹೆಸರು ಬಂದ ಮೇಲೆ, ತಾಂತ್ರಿಕ ಮಂಜೂರಾತಿಗೆ ಹೋಗುವ ಮೊದಲು, ಜೆಇ ಹತ್ತಿರ ಕೂತು ಅಂದಾಜು ಪಟ್ಟಿಯನ್ನು ಸಾಲು ಸಾಲಾಗಿ ಓದಿ.

ಮೇಲಿನ ಸಾಲುಗಳಲ್ಲಿ ಅಗೆತ, ಜಲ್ಲಿ, ವೆಟ್ ಮಿಕ್ಸ್, ಡಾಂಬರು. ಇವಕ್ಕೆ ಉದ್ದ, ಅಗಲ, ದಪ್ಪ ಎಲ್ಲ ಇರುತ್ತದೆ. ಬೋರ್ಡ್, ಪಟ್ಟೆ, ರಿಫ್ಲೆಕ್ಟರ್ ಎಲ್ಲ ಕೊನೆಯ ಸಾಲುಗಳು. ಕೆಲವು ಸಲ ಇರುವುದೇ ಇಲ್ಲ, ಕೆಲವು ಸಲ "ಲಂಪ್‌ಸಮ್" ಎಂದು ಒಂದು ಮೊತ್ತ. ಕೆಲಸದ ನಡುವೆ ಹಣ ಸಾಲದೆ ಬಂದರೆ ಮೊದಲು ಕತ್ತರಿ ಬೀಳುವುದು ಈ ಕೊನೆಯ ಸಾಲುಗಳಿಗೇ. ಅದಕ್ಕೆ ಲಂಪ್‌ಸಮ್ ಒಪ್ಪಬೇಡಿ. ಎಷ್ಟು ಬೋರ್ಡ್, ಎಷ್ಟು ಚದರ ಮೀಟರ್ ಥರ್ಮೋಪ್ಲಾಸ್ಟಿಕ್ ಪಟ್ಟೆ, ಎಷ್ಟು ಕ್ಯಾಟ್ ಐ (ರಸ್ತೆಯಲ್ಲಿ ಕೂರಿಸುವ ಹೊಳೆಯುವ ಗುಬಟು), ಅಂಕಿ ಬರಲಿ. ಸಾದಾ ಪೇಂಟ್ ಎಂದಿದ್ದರೆ ಕೇಳಿ, ಅದು ಒಂದು ಮಳೆಗಾಲವೂ ಬಾಳುವುದಿಲ್ಲ.

ಹಳೇ ಡಾಂಬರಿನ ಮೇಲೆ ಹೊಸ ಪದರ ಹಾಕಿದರೆ ರಸ್ತೆ ಎತ್ತರ ಆಗುತ್ತದೆ. ಮ್ಯಾನ್‌ಹೋಲ್ ಮುಚ್ಚಳ ಗುಂಡಿಯಾಗುತ್ತದೆ, ಅಂಚಿನಲ್ಲಿ ಅರ್ಧ ಅಡಿ ಇಳಿಜಾರು ಬಂದು ಸೈಕಲ್‌ನವರು ಜಾರುತ್ತಾರೆ, ಮಳೆ ನೀರು ಮನೆಗಳಿಗೆ ನುಗ್ಗುತ್ತದೆ. ಮುಚ್ಚಳ ಎತ್ತರಿಸುವುದು, ಅಂಚಿಗೆ ಮಣ್ಣು ತುಂಬಿ ಗಟ್ಟಿ ಮಾಡುವುದು ಪಟ್ಟಿಯಲ್ಲಿ ಇದೆಯಾ ನೋಡಿ.

ಮುಂದಿನ ಪ್ರಶ್ನೆ, ಈ ರಸ್ತೆಯನ್ನು ಯಾರಾದರೂ ಅಗೆಯುವವರಿದ್ದಾರಾ? ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ವಿದ್ಯುತ್ ಕಂಪನಿ, ಕೇಬಲ್‌ನವರು ಎಲ್ಲರಿಂದ ಬರಹದಲ್ಲಿ ಉತ್ತರ ತರಿಸಿ. ಒಳಚರಂಡಿ (ಯುಜಿಡಿ) ಪೈಪ್ ಬಾಕಿ ಇದ್ದರೆ ರಸ್ತೆ ಕೆಲಸವನ್ನೇ ಮುಂದಕ್ಕೆ ಹಾಕಿಸಿ. ಜನ ಬೈಯುತ್ತಾರೆ, ಬೈಯಲಿ.

ಹಣ ಎಲ್ಲಿಂದ? ಕೇಂದ್ರ ಹಣಕಾಸು ಆಯೋಗದ ಅನುದಾನ, ರಾಜ್ಯ ಹಣಕಾಸು ಆಯೋಗದ ಅನುದಾನ (ಎಸ್‌ಎಫ್‌ಸಿ), ರಾಜ್ಯದ ನಗರೋತ್ಥಾನ ಯೋಜನೆ, ಶಾಸಕರ ಮತ್ತು ಸಂಸದರ ಪ್ರದೇಶಾಭಿವೃದ್ಧಿ ನಿಧಿ. ಅಂಗವಿಕಲರಿಗೆ ಮೀಸಲಿಡುವ ಶೇ 5ರ ಹಣದಲ್ಲಿ ಫುಟ್‌ಪಾತ್ ರ‍್ಯಾಂಪ್ ಕೇಳಬಹುದು. ಅದು ಖರ್ಚಾಗದೇ ಉಳಿಯುವುದೂ ಉಂಟು.

ಟೆಂಡರ್ ಬಗ್ಗೆ ಎರಡೇ ಮಾತು. ಒಂದು, ದೊಡ್ಡ ಕೆಲಸವನ್ನು ಚೂರು ಚೂರು ಮಾಡಿ ತುಂಡು ಗುತ್ತಿಗೆ ಕೊಡುವುದಕ್ಕೆ ನೀವು ಕೈ ಎತ್ತಬೇಡಿ. ಎರಡು, ನಿಮ್ಮ ಭಾವಮೈದುನನ ಹೆಸರಲ್ಲಿ ನೀವೇ ಕೆಲಸ ಹಿಡಿಯಬೇಡಿ. ಪುರಸಭೆ ಗುತ್ತಿಗೆಯಲ್ಲಿ ಸದಸ್ಯರಿಗೆ ನೇರವಾಗಲಿ ಪರೋಕ್ಷವಾಗಲಿ ಪಾಲಿದ್ದರೆ ಸದಸ್ಯತ್ವವೇ ಹೋಗಬಹುದು.

ಹೆಜ್ಜೆ 7: ಕೆಲಸ ನಡೆಯುವಾಗ

ಕಾಮಗಾರಿ ನಾಮಫಲಕ ಮೊದಲ ದಿನವೇ ಇರಬೇಕು: ಕೆಲಸದ ಹೆಸರು, ಮೊತ್ತ, ಗುತ್ತಿಗೆದಾರ, ಮುಗಿಸುವ ತಾರೀಖು. ಅಗೆದ ಗುಂಡಿಗೆ ಬ್ಯಾರಿಕೇಡ್, ಹೊಳೆಯುವ ಪಟ್ಟಿ, ರಾತ್ರಿ ದೀಪ ಬೇಕು. ಎರಡು ಕಲ್ಲು ಇಟ್ಟು ಮೇಲೊಂದು ಬೇವಿನ ಕೊಂಬೆ ನೆಟ್ಟರೆ ಅದು ಬ್ಯಾರಿಕೇಡ್ ಅಲ್ಲ.

ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೇ ಸಾವು ಅಥವಾ ಅಂಗವೈಕಲ್ಯ ಆದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ 198ಎ ಸೆಕ್ಷನ್ ಹೇಳುತ್ತದೆ. ಮೊತ್ತ ದೊಡ್ಡದಲ್ಲ. ಆದರೆ ಪತ್ರದಲ್ಲಿ ಈ ಸೆಕ್ಷನ್ ನಮೂದಿಸಿ ನೋಡಿ, ಬ್ಯಾರಿಕೇಡ್ ಬರುವ ವೇಗವೇ ಬೇರೆ.

ಗುತ್ತಿಗೆದಾರನ ಕೆಲಸಗಾರರಿಗೆ ನೀವೇ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳಬೇಡಿ. ನಾಳೆ ಹಾಳಾದರೆ "ಸದಸ್ಯರು ಹೇಳಿದ್ದು" ಅನ್ನುತ್ತಾರೆ. ಎಂಜಿನಿಯರ್‌ಗೆ ಫೋಟೊ ಸಮೇತ ಬರಹದಲ್ಲಿ ಕಳಿಸಿ.

ವಿರೋಧ ಬರುತ್ತದೆ. ಡಿವೈಡರ್ ಓಪನಿಂಗ್ ಮುಚ್ಚಿದರೆ ಅಂಗಡಿಯವರು ಬರುತ್ತಾರೆ. ಅವರಿಗೆ ನಿಮ್ಮ ನಕ್ಷೆ ತೋರಿಸಿ, ಮುಂದಿನ ತಿರುವು ಎಷ್ಟು ದೂರ ಎಂದು ಅವರ ಜೊತೆಗೇ ನಡೆದು ತೋರಿಸಿ. ಫುಟ್‌ಪಾತ್ ವ್ಯಾಪಾರಿಗಳನ್ನು ರಾತ್ರೋರಾತ್ರಿ ಎಬ್ಬಿಸುವುದು ತಪ್ಪು, ಕಾನೂನಿಗೂ ವಿರುದ್ಧ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕೂತು ಬೇರೆ ಜಾಗ ಗುರುತಿಸಿ. ಸರ್ಕಲ್ ಮಧ್ಯೆ ಪ್ರತಿಮೆ ಬೇಕು ಎಂದು ಯಾರಾದರೂ ಬಂದರೆ, ಸಾರ್ವಜನಿಕ ರಸ್ತೆಯಲ್ಲಿ ಪ್ರತಿಮೆಗೆ ಅನುಮತಿ ಕೊಡಬೇಡಿ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ ಎಂದು ಮೆಲ್ಲಗೆ ತಿಳಿಸಿ. ಪಾರ್ಕಿನಲ್ಲಿ ಜಾಗ ತೋರಿಸಿ.

ಹೆಜ್ಜೆ 8: ಬಿಲ್ ಮತ್ತು ಡಿಎಲ್‌ಪಿ

ಅಂತಿಮ ಬಿಲ್ ಆಗುವ ಮೊದಲು ಎಸ್ಟಿಮೇಟ್ ಪ್ರತಿ ಹಿಡಿದುಕೊಂಡು ಮತ್ತೊಮ್ಮೆ ನಡೆಯಿರಿ. ಕೊನೆಯ ಸಾಲುಗಳಿಂದ ಶುರು ಮಾಡಿ. ಹತ್ತು ಬೋರ್ಡ್ ಎಂದಿದ್ದರೆ ಹತ್ತು ಎಣಿಸಿ. ಅಳತೆ ಪುಸ್ತಕದಲ್ಲಿ ಬರೆದದ್ದಕ್ಕೂ ನೆಲದ ಮೇಲೆ ಇರುವುದಕ್ಕೂ ತಾಳೆ ಆಗದಿದ್ದರೆ ಅದೇ ದಿನ ಪೌರಾಯುಕ್ತರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ.

ಡಿಎಲ್‌ಪಿ ಅಂದರೆ ದೋಷ ಕಂಡರೆ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿ ಮಾಡಬೇಕಾದ ಅವಧಿ. ಎಷ್ಟು ಎನ್ನುವುದು ಕಾರ್ಯಾದೇಶದಲ್ಲೇ ಇರುತ್ತದೆ. ಆ ತಾರೀಖನ್ನು ಮೊಬೈಲ್‌ನಲ್ಲಿ ಹಾಕಿಕೊಳ್ಳಿ, ಅದಕ್ಕೆ ಎರಡು ತಿಂಗಳು ಮೊದಲೇ ಎಚ್ಚರಿಸುವ ಹಾಗೆ. ಎಷ್ಟೋ ಊರಲ್ಲಿ ಡಿಎಲ್‌ಪಿ ಒಳಗೇ ಬಿದ್ದ ಗುಂಡಿಯನ್ನು ಪುರಸಭೆ ಹಣದಲ್ಲಿ ಮುಚ್ಚುತ್ತಾರೆ, ಯಾಕೆಂದರೆ ಯಾರಿಗೂ ತಾರೀಖು ನೆನಪಿರುವುದಿಲ್ಲ. ಭದ್ರತಾ ಠೇವಣಿ ವಾಪಸ್ ಕೊಡುವ ಮೊದಲು ಜಂಟಿ ಪರಿಶೀಲನೆ ಆಗಬೇಕು ಎಂದು ಠರಾವು ಮಾಡಿಸಿಟ್ಟರೆ ಇನ್ನೂ ಗಟ್ಟಿ.

ಆರು ತಿಂಗಳಿಗೊಮ್ಮೆ ಠಾಣೆಯಿಂದ ಮತ್ತೆ ಅಪಘಾತದ ಪಟ್ಟಿ ತರಿಸಿ ಹಳೇ ನಕ್ಷೆಯ ಮೇಲೇ ಬೇರೆ ಬಣ್ಣದಲ್ಲಿ ಗುರುತು ಹಾಕಿ. ಅಪಘಾತ ಸುಧಾರಿಸಿದ ಜಾಗದಿಂದ 200 ಮೀಟರ್ ಮುಂದಕ್ಕೆ ಹೋಗಿರಬಹುದು, ಹಾಗಾಗುವುದುಂಟು. ಮೀಸಲಾತಿ ಬದಲಾಗಿ ಮುಂದಿನ ಸಲ ಈ ವಾರ್ಡ್ ನಿಮಗೆ ಸಿಗದೇ ಹೋಗಬಹುದು. ಸುಪರ್ದಿ ಪತ್ರ, ನಕ್ಷೆ, ಠರಾವು ಪ್ರತಿ, ಎಸ್ಟಿಮೇಟ್, ಕಾರ್ಯಾದೇಶ ಎಲ್ಲವನ್ನೂ ಒಂದೇ ಫೈಲಿನಲ್ಲಿಟ್ಟು, ಬೇರೆ ಪಕ್ಷದವರು ಗೆದ್ದರೂ ಸರಿ, ಅವರ ಕೈಗೇ ಕೊಡಿ. ಪುರಸಭೆ ಕಚೇರಿಯಲ್ಲಿ ಒಂದು ಪ್ರತಿ ಇಡಿಸಿ, ಅದಕ್ಕೂ ಸ್ವೀಕೃತಿ ತೆಗೆದುಕೊಳ್ಳಿ.